ಎದ್ದ ಅಂಚು

ಮಾರ್ಚ್ ೧೨, ಗುರುವಾರ

ನನ್ನ ಪಶು ಕ್ಲಿನಿಕ್ಕಿಗೆ ಬರುವ, ಮನೆಗಳಿಗೆ ಬಣ್ಣ ಹೊಡೆಯುವ ಪೇಂಟರ್ ಕೇಳಿದ ಮಾತು ಇನ್ನೂ ಚುಚ್ಚುತ್ತಿದೆ. ಆತನ ಮುದಿ ಬಾಕ್ಸರ್ ತಳಿಯ ನಾಯಿಯ ಕಣ್ಣಿನ ಹುಣ್ಣಿಗೆ ಆರು ವಾರದಿಂದ ಡ್ರಾಪ್ಸ್ ಬದಲಿಸುತ್ತಲೇ ಇದ್ದೆ. ಪ್ರತಿ ಸಲ ಅಗಲ ಅಳೆದು ಬರೆದಿಟ್ಟೆ, ಅಂಚನ್ನು ನೋಡಲೇ ಇಲ್ಲ. ಇವತ್ತು ಹುಣ್ಣು ತೋರಿಸುವ ಹಸಿರು ಬಣ್ಣವನ್ನು ಕಣ್ಣಿಗೆ ಹಾಕಿದರೆ ಅದು ಅಂಚಿನಡಿಗೂ ನುಸುಳಿತು. ಹುಣ್ಣಿನ ಮೇಲೆ ಹೊಸ ಪೊರೆ ಬೆಳೆದಿದೆ, ಕೆಳಗೆ ಅಂಟಿಕೊಂಡೇ ಇಲ್ಲ!

ಕಣ್ಣು ಮರಗಟ್ಟಿಸಿ, ಒಣ ಹತ್ತಿಕಡ್ಡಿಯಿಂದ ಸಡಿಲ ಪೊರೆಯನ್ನೆಲ್ಲ ಒರೆಸಿ ತೆಗೆದೆ. ಹುಣ್ಣು ಎರಡರಷ್ಟಾಯಿತು. ಬೈಸಿಕೊಳ್ಳುವ ಮೊದಲೇ ಸಮಜಾಯಿಷಿ ಶುರುಮಾಡಿದೆ.

"ಗೊತ್ತಾಯ್ತು ಬಿಡಿ ಮೇಡಂ," ಎಂದ ಪೇಂಟರ್, ನಾಯಿಯ ತಲೆ ಹಿಡಿದುಕೊಂಡೇ. "ಎದ್ದ ಬಣ್ಣ ಕೆರೀದೆ ಮೇಲೆ ಹಚ್ಚಿದ್ರೆ ನಿಲ್ಲಲ್ಲ. ಮತ್ಯಾಕೆ ಆರು ವಾರ ಬರೀ ಹಚ್ತಾ ಕೂತಿದ್ರಿ?"

"ಸರಿಯಾಗಿ ನೋಡಿರ್ಲಿಲ್ಲ. ತಪ್ಪು ನಂದೇ."

ಕೆರೆದುಕೊಳ್ಳದಂತೆ ನಾಯಿಯ ಕೊರಳಿಗೆ ಪ್ಲಾಸ್ಟಿಕ್ ಕಾಲರನ್ನು ತಾನೇ ಕಟ್ಟಿದ. "ಇನ್ನು ಒಣಗೋವರೆಗೂ ಯಾರೂ ಮುಟ್ಟೋ ಹಾಗಿಲ್ಲ. ನೀವೂನೂ."

ಒಪ್ಪಿದೆ. ಹದಿನೈದು ದಿನ ಕೈ ಕಟ್ಟಿ ಕೂರುತ್ತೇನೆ, ಎಷ್ಟೇ ಚಡಪಡಿಸಿದರೂ ಸರಿ.

ಆದರೆ ನಾಳೆ ಬೆಳಿಗ್ಗೆ ಮೊದಲ ಕೆಲಸ, 'ಡ್ರಾಪ್ಸ್ ಬದಲಿಸಿದೆ' ಎಂದಿರುವ ಹಳೆಯ ಚೀಟಿಗಳನ್ನು ತೆಗೆದು ಇಂಥದೇ ಮಾಯದ ಹುಣ್ಣಿರುವ ಬೇರೆ ಮೂರು ನಾಯಿಗಳನ್ನು ಕರೆಸುವುದು. ಅವುಗಳಲ್ಲಿ ಒಂದರ ಹುಣ್ಣಿನ ಅಂಚನ್ನೂ ನೋಡಿದ ನೆನಪಿಲ್ಲ.