ಅಪ್ಪ ಬಡಿಸಿದ ಊಟ

ನವೆಂಬರ್ ೧೪, ಡೇಗು, ದಕ್ಷಿಣ ಕೊರಿಯಾ

ಬೆಳಿಗ್ಗೆ ಅಪ್ಪನನ್ನು ಸುಟ್ಟು ಬಂದೆವು. ನಿನ್ನೆಯ ಸಾರು ಮಾತ್ರ ಇನ್ನೂ ಗಂಟಲಲ್ಲೇ ನಿಂತಂತಿದೆ.

ತೂಕ ಇಳಿಯಲೆಂದು ಬೇಸಿಗೆಯಲ್ಲಿ ಹೊಟ್ಟೆ ಕತ್ತರಿಸಿ ಚಿಕ್ಕದು ಮಾಡಿಸಿಕೊಂಡೆ. ಆಪರೇಷನ್ ಆದ ಹೊಸತರಲ್ಲಿ ಬರೀ ಗಂಜಿನೀರು. ಈಗ ಮಗುವಿನ ಚಮಚದಲ್ಲಿ ತೆಗೆದು, ಅಗಿದು ಅಗಿದು ನುಂಗಬೇಕು. ನಾಚಿಕೆಗೆ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ನಿನ್ನೆ ಸಾವಿನ ಛತ್ರದಲ್ಲಿ, ಸತ್ತವರ ಹೆಸರಲ್ಲಿ ಬಂದವರಿಗೆಲ್ಲ ಊಟ ಹಾಕುವಲ್ಲಿ, ಸೋದರತ್ತೆ ಬಟ್ಟಲು ತುಂಬ ಖಾರದ ದನದ ಮಾಂಸದ ಸಾರು ತಂದಿಟ್ಟರು.

"ತಿನ್ನೇ ಹ್ಯೆರಾನ್. ನಿಮ್ಮಪ್ಪ ಬಡಿಸೋ ಕೊನೇ ಊಟ, ಬೇಡ ಅಂತೀಯಾ?"

ಗಬಗಬನೆ ನುಂಗಿದೆ. ಎದೆಯಲ್ಲಿ ಕಲ್ಲು ಸಿಕ್ಕಿಕೊಂಡಂತಾಯಿತು. ಬಚ್ಚಲಿಗೆ ಓಡಿ ಎಲ್ಲ ಕಕ್ಕಿದೆ.

ಹೊರಗೆ ಬಂದಾಗ ಅತ್ತೆ ನನ್ನ ಕೆಂಪು ಕಣ್ಣು, ಮೈಮೇಲೆ ಜೋಲುತ್ತಿದ್ದ ಸೂತಕದ ಕರಿಬಟ್ಟೆ ನೋಡಿ ತಬ್ಬಿಕೊಂಡರು. "ನೋಡ್ರೇ, ಅಪ್ಪನ ಚಿಂತೇಲಿ ಹೆಂಗೆ ಸೊರಗಿದಾಳೆ! ಹೆತ್ರೆ ಇಂಥ ಮಗಳನ್ನ ಹೆರಬೇಕು."

ಬಂದವರೆಲ್ಲ ಬೆನ್ನು ಸವರಿದರು. ನಾನು ತಲೆ ಬಾಗಿಸಿ ಒಬ್ಬೊಬ್ಬರಿಗೂ ವಂದಿಸಿದೆ.

ಆಸ್ಪತ್ರೆಯಲ್ಲಿ, ಕ್ಯಾನ್ಸರಿನಿಂದ ಸೊರಗಿ ಮಲಗಿದ್ದ ಅಪ್ಪ ಮಾತ್ರ ನನ್ನ ಮಣಿಕಟ್ಟು ಹಿಡಿದು ಕೇಳಿದ್ದರು, "ನಿಂಗೂ ಇದೇ ಕಾಯಿಲೆ ಬಂತೇನಮ್ಮಾ?" ತಮ್ಮ ತಟ್ಟೆಯ ಮೀನನ್ನು ನನ್ನ ಕಡೆ ತಳ್ಳಿದ್ದರು. "ಇಲ್ಲಪ್ಪಾ" ಅಂದೆ, ಅಷ್ಟೆ. ಅವರು ನಂಬಲಿಲ್ಲ. ಮಗಳೂ ಸಾಯುತ್ತಾಳೆ ಅಂದುಕೊಂಡೇ ಹೋದರೋ ಏನೋ. ಆಪರೇಷನ್ ಮಾಡಿಸಿಕೊಂಡೆ ಅಂತ ಆವತ್ತು ಒಂದು ಮಾತು ಹೇಳಿಬಿಟ್ಟಿದ್ದರೆ, ಆ ಮೀನನ್ನಾದರೂ ಅವರು ನೆಮ್ಮದಿಯಾಗಿ ತಿನ್ನುತ್ತಿದ್ದರು.