ಮುಂದಿನ ಕೋಣೆಯ ಮಂಚ

ಗುರುವಾರ, ಊಟದ ಬಿಡುವು
ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಿಂದ

ಪ್ರೀತಿಯ ಕೊಕ್ಕರೆ,

ಮೊದಲು ಎಲ್ಲಾದರೂ ಕೂತುಕೋ. ದೋಣಿಯಲ್ಲಿದ್ದರೆ ಏನನ್ನಾದರೂ ಗಟ್ಟಿಯಾಗಿ ಹಿಡಿದುಕೊಂಡು ಓದು. ನಮ್ಮ ಗುಟ್ಟು ರಟ್ಟಾಯಿತು. ಎಂಟು ತಿಂಗಳಿಂದ ನಾವಿಬ್ಬರೂ ಸೇರಿ ಕಾಪಾಡಿಕೊಂಡು ಬಂದ ಸುಳ್ಳನ್ನು ನಮ್ಮಮ್ಮ ಐದೇ ದಿನದಲ್ಲಿ ಬಿಚ್ಚಿ, ಕೊಡವಿ, ಮಡಿಸಿ ನನ್ನ ಕೈಗೆ ಕೊಟ್ಟಳು.

ಹೆದರಬೇಡ, ಅಳುವಂಥದ್ದು ಏನೂ ಆಗಿಲ್ಲ. ನಾನಂತೂ ಬೆಳಗಿನಿಂದ ಒಬ್ಬಳೇ ನಗುತ್ತಿದ್ದೇನೆ. ಗಾಜು ಉಜ್ಜುವ ಯಂತ್ರದ ಮುಂದೆ ಕೂತು ಹಲ್ಲು ಕಿರಿಯುವವಳನ್ನು ನೋಡಿ ಯಜಮಾನರು, ಮೈಯಲ್ಲಿ ಹುಷಾರಿಲ್ಲವೇನಮ್ಮಾ ಎಂದು ಎರಡು ಸಲ ವಿಚಾರಿಸಿದರು. ಆದರೆ ನನ್ನ ಪಾಲಿನ ಕಷ್ಟ ಕಳೆಯಿತೇ ಹೊರತು ನಿನ್ನದು ಕಳೆದಿಲ್ಲ. ಅದಕ್ಕೇ ಈ ಪತ್ರ.

ಊರು ಬಿಡುವಾಗ ನಮ್ಮಿಬ್ಬರ ಅಮ್ಮಂದಿರು ಗೇಟಿನ ಹತ್ತಿರ ನಿಂತು ಹಾಕಿದ ಷರತ್ತು ನಿನಗೆ ನೆನಪಿದೆ. ಇಬ್ಬರೂ ಒಂದೇ ಮನೆ, ಒಂದೇ ಬೀಗ. ಒಬ್ಬಳು ಬೇರೆಯಾದರೂ ಇಬ್ಬರೂ ಗಂಟುಮೂಟೆ ಕಟ್ಟಿಕೊಂಡು ವಾಪಸ್. ನಿನಗೆ ನದಿಯ ಆಳ ಅಳೆಯುವ ಕೆಲಸ ಸಿಕ್ಕಾಗ ನಾವು ಆ ಷರತ್ತನ್ನು ಗಾಳಿಗೆ ತೂರಿದೆವು. ಅಲ್ಲಿಂದ ಶುರುವಾಯಿತಲ್ಲ ನಮ್ಮ ಅಂಚೆ ಇಲಾಖೆ. ನೀನು ನಿಮ್ಮಮ್ಮನಿಗೆ ಬರೆದದ್ದನ್ನು ನನಗೆ ಕಳಿಸುವುದು, ನಾನು ಅದಕ್ಕೆ ಇಲ್ಲಿನ ಮುದ್ರೆ ಬೀಳುವಂತೆ ಇಲ್ಲಿಂದ ಹಾಕುವುದು, ಅವರ ಉತ್ತರ ಇಲ್ಲಿಗೆ ಬಂದರೆ ನಿನಗೆ ದಾಟಿಸುವುದು. ನೀರು ಕಂಡರೆ ಜೀವ ಹೋದಂತೆ ಹೆದರುವ ನಿಮ್ಮಮ್ಮ, ಮಗಳು ಈಗಲೂ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾ ನೆಲದ ಮೇಲೆ ಸುಖವಾಗಿದ್ದಾಳೆ ಎಂದುಕೊಂಡಿದ್ದಾರೆ.

ಕಳೆದ ಶುಕ್ರವಾರ ಅಮ್ಮನ ಕಾರ್ಡು ಬಂತು. ಶನಿವಾರ ಬರುತ್ತೇನೆ, ಆರು ದಿನ ಇರುತ್ತೇನೆ, ಇಬ್ಬರನ್ನೂ ನೋಡಿ ತುಂಬಾ ದಿನವಾಯಿತು ಎಂದಿತ್ತು. ಒಂದು ಸಂಜೆಯೊಳಗೆ ನಾನು ನಿನ್ನನ್ನು ಮನೆಗೆ ವಾಪಸ್ ತರಬೇಕಿತ್ತು. ನೀನು ಬಿಟ್ಟುಹೋದ, ಮೊಣಕೈ ಹರಿದ ಸ್ವೆಟರನ್ನು ಮೊಳೆಗೆ ತೂಗುಹಾಕಿದೆ. ಹೊಸ ಹಲ್ಲುಜ್ಜುವ ಬ್ರಷ್ ತಂದು ಅದರ ಎಳೆಗಳನ್ನು ಹೆಬ್ಬೆರಳಿನಿಂದ ತಿಕ್ಕಿ ತಿಕ್ಕಿ ಹಳೆಯದು ಮಾಡಿದೆ. ಮುಂದಿನ ಕೋಣೆಯ ನಿನ್ನ ಮಂಚದ ಮೇಲೆ ಪೇರಿಸಿಟ್ಟಿದ್ದ ಪೆಟ್ಟಿಗೆಗಳನ್ನೆಲ್ಲ ಇಳಿಸಿ ಹಾಸಿಗೆ ಹಾಸಿದೆ. ಕೊನೆಗೆ ಒಂದು ಬಾಚಣಿಗೆಗೆ ನನ್ನ ಕೂದಲನ್ನೇ ಸುತ್ತಿ ನಿನ್ನ ದಿಂಬಿನ ಪಕ್ಕದಲ್ಲಿಟ್ಟಾಗ ನನ್ನ ಬುದ್ಧಿಗೆ ನಾನೇ ಶಹಬ್ಬಾಸ್ ಹೇಳಿಕೊಂಡೆ.

ಅಮ್ಮ ಬಂದವಳೇ ಚೀಲ ಕೆಳಗಿಡುವ ಮುನ್ನ ಕೇಳಿದ್ದು ನಿನ್ನನ್ನೇ. ಪ್ರೆಸ್ಸಿನಲ್ಲಿ ಕೈತುಂಬಾ ಕೆಲಸ ಇದೆ, ಬೆಳಕು ಹರಿಯುವ ಮೊದಲು ಹೋದರೆ ನಾವು ಮಲಗಿದ ಮೇಲೆ ಬರುತ್ತಾಳೆ, ಭಾನುವಾರವೂ ರಜೆ ಇಲ್ಲ ಎಂದು ಕಂಠಪಾಠ ಒಪ್ಪಿಸಿದೆ. ಅಯ್ಯೋ ಪಾಪ ಎಂದಳು ಅಮ್ಮ. ಅಷ್ಟು ಹೇಳಿ ಸೆರಗು ಸಿಕ್ಕಿಸಿಕೊಂಡು ಮೂವರಿಗೂ ಅಡುಗೆ ಮಾಡಿದಳು. ನಿನ್ನ ಪಾಲನ್ನು ಡಬ್ಬಿಗೆ ಹಾಕಿ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿದಳು: “ಮಗಳೇ, ಬಿಸಿ ಮಾಡಿಕೊಂಡು ತಿನ್ನು. ಹಾಗೇ ಮಲಗಬೇಡ.”

ಬೆಳಗ್ಗೆ ಅಮ್ಮ ಏಳುವ ಮೊದಲು ನಾನೆದ್ದು ಆ ಡಬ್ಬಿಯನ್ನು ನಿಂತಲ್ಲೇ ಖಾಲಿ ಮಾಡಿದೆ. ಚೀಟಿಯ ಹಿಂದೆ, ನಿನ್ನ ಆ ಬಲಕ್ಕೆ ವಾಲಿದ ಅಕ್ಷರದಲ್ಲಿ, ತುಂಬಾ ಚೆನ್ನಾಗಿತ್ತು ದೊಡ್ಡಮ್ಮ ಎಂದು ಬರೆದೆ. ನಿನ್ನ ಹಾಸಿಗೆಯನ್ನು ಕೆದರಿ ಹೊದಿಕೆಯನ್ನು ಅರ್ಧ ನೆಲಕ್ಕೆಳೆದೆ. ಆಮೇಲೆ ಸದ್ದಿಲ್ಲದೆ ಹೋಗಿ ಅಮ್ಮನ ಪಕ್ಕದಲ್ಲಿ ಮಲಗಿ, ಆಗತಾನೇ ಎಚ್ಚರಾದವಳ ಹಾಗೆ ಆಕಳಿಸಿದೆ. ನಾಲ್ಕು ದಿನವೂ ಇದೇ ಕಥೆ. ಬೆಳಗಿನ ನಿನ್ನ ಊಟ, ಮಧ್ಯಾಹ್ನದ ನನ್ನ ಊಟ, ಸಂಜೆ ಅಮ್ಮನ ಬಲವಂತದ ಊಟ. ನಿನ್ನ ನೌಕರಿ ಉಳಿಸಲು ಹೋಗಿ ನನ್ನ ಲಂಗದ ಗುಂಡಿ ಕಿತ್ತುಬಂದಿದೆ.

ಇಷ್ಟರ ನಡುವೆಯೂ ನಾವು ಎಷ್ಟು ಖುಷಿಯಾಗಿದ್ದೆವು ಗೊತ್ತಾ? ಭಾನುವಾರ ಎರಡಂತಸ್ತಿನ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋದೆವು. ಅಲ್ಲಿ ನೋಡಲು ಒಂದು ಇಟ್ಟಿಗೆ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಅದೇ ಬಸ್ಸಿನಲ್ಲಿ ವಾಪಸ್ ಬಂದೆವು. ಅಮ್ಮ ಮೇಲಂತಸ್ತಿನ ಮೊದಲ ಸೀಟಿನಲ್ಲಿ ಕೂತು, ಪ್ರತಿ ತಿರುವಿನಲ್ಲೂ ತಾನೇ ಬಸ್ಸು ಓಡಿಸುತ್ತಿರುವಂತೆ ಆ ಕಡೆ ಈ ಕಡೆ ವಾಲುತ್ತಿದ್ದಳು. ಇಪ್ಪತ್ತಾರು ವರ್ಷ ಹೆಂಗಸರ ವಾರ್ಡಿನಲ್ಲಿ ನರ್ಸಾಗಿ ನಿಂತೇ ಬದುಕಿದ ಹೆಂಗಸು, ಒಂದು ಗಂಟೆ ಸುಮ್ಮನೆ ಕೂತು ಮರದ ತುದಿಗಳನ್ನು ನೋಡಿದಳು. ನನಗೆ ಅವಳನ್ನು ನೋಡುವುದೇ ಸಾಕಾಗಿತ್ತು.

ಸೋಮವಾರ ಅಂಗಡಿಗೂ ಕರೆತಂದೆ. ಯಜಮಾನರು ತಾವೇ ಕಣ್ಣು ಪರೀಕ್ಷೆ ಮಾಡಿದರು. ಅಮ್ಮ ಇಷ್ಟು ದಿನ ಥರ್ಮಾಮೀಟರನ್ನು ಮಾರು ದೂರ ಹಿಡಿದು ಅಂದಾಜಿನ ಮೇಲೆ ಜ್ವರ ನೋಡುತ್ತಿದ್ದಳಂತೆ! ಅವಳ ಗಾಜನ್ನು ನಾನೇ ಉಜ್ಜಿದೆ. ಕೂದಲೆಳೆಯಷ್ಟು ಹೆಚ್ಚು ಸವೆದರೂ ಗಾಜು ಚೌಕಟ್ಟಿನಲ್ಲಿ ಗಲಗಲ ಎನ್ನುತ್ತದೆ, ಕಡಿಮೆಯಾದರೆ ಅಂಚು ಸಿಡಿಯುತ್ತದೆ. ಅಮ್ಮ ಪಕ್ಕದಲ್ಲಿ ನಿಂತು ನನ್ನ ಬೆರಳನ್ನೇ ನೋಡುತ್ತಿದ್ದಳು. ಒಂದೇ ಸಲಕ್ಕೆ ಗಾಜು ಸರಿಯಾಗಿ ಕೂತಿತು. ಹಾಕಿಕೊಂಡು ಮೊದಲು ಗೋಡೆಯ ಅಕ್ಷರಗಳನ್ನು, ಆಮೇಲೆ ನನ್ನನ್ನು ನೋಡಿ, ಎಷ್ಟು ಇಳಿದುಹೋಗಿದ್ದೀಯೇ ಎಂದಳು. ಎರಡಾಳಿನ ಊಟ ಮಾಡುತ್ತಿದ್ದವಳಿಗೆ ಈ ಮಾತು! ಯಜಮಾನರು ಅವಳಿಗೆ ಕುರ್ಚಿ ಹಾಕಿಸಿ, ಈ ಹುಡುಗಿ ಇನ್ನೊಂದು ವರ್ಷ ಇದ್ದರೆ ಅಂಗಡಿಯ ಕೆಲಸವನ್ನೆಲ್ಲ ಇವಳಿಗೇ ವಹಿಸುತ್ತೇನೆ ಎಂದರು. ಅಮ್ಮ ಬರೀ ತಲೆಯಾಡಿಸಿ ಕನ್ನಡಕ ಸರಿಮಾಡಿಕೊಂಡಳು.

ಮಂಗಳವಾರ ಡಬ್ಬಿಯ ಮೇಲಿನ ಚೀಟಿ ಸ್ವಲ್ಪ ಉದ್ದವಿತ್ತು. “ಮಗಳೇ, ಹಿಮ್ಮಡಿಯ ಹುಣ್ಣು ಹೇಗಿದೆ? ಕಳಿಸಿದ ಮುಲಾಮು ಹಚ್ಚಿದೆಯಾ?” ಎಂದಿತ್ತು. ಹುಣ್ಣಿನ ವಿಷಯ ನೀನು ನನಗೆ ಬರೆದೇ ಇಲ್ಲವಲ್ಲ ಎಂದು ನಿನ್ನ ಮೇಲೆ ಸ್ವಲ್ಪ ಕೋಪವೂ ಬಂತು. ಆದರೂ ನಿನ್ನ ಮಾನ ಉಳಿಸಬೇಕಲ್ಲ, ನಿನ್ನ ಅಕ್ಷರದಲ್ಲಿ ಬರೆದೆ: “ಪೂರ್ತಿ ವಾಸಿಯಾಯಿತು ದೊಡ್ಡಮ್ಮ. ಮುಲಾಮು ಅಂದರೆ ನಿಮ್ಮ ಮುಲಾಮು!”

ನಿನ್ನೆ ಸಂಜೆ ಕೆಲಸದಿಂದ ಬಂದಾಗ ಅಮ್ಮ ಮುಂದಿನ ಕೋಣೆಯಲ್ಲಿ, ನಿನ್ನ ಮಂಚದ ಮೇಲೆ ಕೂತಿದ್ದಳು. ಕೈಯಲ್ಲಿ ಆ ಚೀಟಿ. ಮೂಗಿನ ಮೇಲೆ ನಾನೇ ಮಾಡಿದ ಕನ್ನಡಕ. ಯಾವ ಕಾಲಿನ ಹುಣ್ಣು ಎಂದು ಕೇಳಿದಳು. ನಾನು, ದೇವರಾಣೆ ಯೋಚಿಸದೆ, ಎಡಗಾಲು ಎಂದುಬಿಟ್ಟೆ.

“ಹುಣ್ಣೂ ಇಲ್ಲ, ಮುಲಾಮೂ ಇಲ್ಲ,” ಎಂದಳು ಅಮ್ಮ. “ಭಾನುವಾರ ಬೆಳಗ್ಗೇನೇ ಗೊತ್ತಾಯ್ತು ಕಣೇ ನಂಗೆ. ಇಷ್ಟು ವರ್ಷ ಹಾಸಿಗೆ ಹಾಸಿದೀನಿ, ಮಲಗಿ ಎದ್ದ ಹಾಸಿಗೆ ಯಾವ್ದು, ಕೈಯಲ್ಲಿ ಕೆದರಿದ್ದು ಯಾವ್ದು ಅಂತ ತಿಳಿಯಲ್ವಾ? ಮೇಲಿನ ಹೊದಿಕೆ ಚೆಲ್ಲಾಪಿಲ್ಲಿ, ಕೆಳಗಿನ ಬಟ್ಟೆ ಇಸ್ತ್ರಿ ಮಾಡಿದ ಹಾಗಿದೆ. ಮನುಷ್ಯ ಮಲಗಿದ್ರೆ ಸೊಂಟದ ಹತ್ರ ಸುಕ್ಕು ಬೀಳತ್ತೆ.”

ಕೊಕ್ಕರೆ, ನನಗೆ ಅಲ್ಲೇ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಾಗಿಲ ಬಳಿ ಚಪ್ಪಲಿ ಕೂಡ ಬಿಡದೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ನದಿ, ಆರು ಜನರ ತಂಡ, ನೀನೊಬ್ಬಳೇ ಹುಡುಗಿ, ನಮ್ಮ ಕಳ್ಳ ಅಂಚೆ, ಎಲ್ಲ. ಅಮ್ಮ ಬೈಯಲಿಲ್ಲ. ನಾಲ್ಕು ದಿನ ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ, ಯಾಕೆ ಮನೆಯಲ್ಲಿಲ್ಲದವಳ ಪಾಲಿಗೂ ಅಡುಗೆ ಮಾಡಿದೆ ಎಂದು ನಾನೇ ಕೇಳಿದೆ. ನಾನು ಒಬ್ಬಳೇ ಹೇಗಿದ್ದೇನೆ ಎಂದು ನೋಡಬೇಕಿತ್ತಂತೆ, ಕೇಳಿದರೆ ನಾನು ನಿಜ ಹೇಳುತ್ತಿರಲಿಲ್ಲವಂತೆ. ಊಟದ ವಿಷಯ ಕೇಳಿದ್ದಕ್ಕೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರುಮಾಡಿದಳು. ನಾನು ಬೆಳಗ್ಗೆ ಡಬ್ಬಿ ಖಾಲಿ ಮಾಡುವುದನ್ನು ದಿನವೂ ಬಾಗಿಲ ಸಂದಿಯಿಂದ ನೋಡುತ್ತಿದ್ದಳಂತೆ. ಹೇಗೋ ಒಂದು, ಮಗಳು ಎರಡು ತುತ್ತು ಹೆಚ್ಚು ತಿಂದಳಲ್ಲ ಎಂದು ಸಮಾಧಾನವಂತೆ.

ಆಮೇಲೆ ಒಂದು ಮಾತು ಕೇಳಿದಳು. ಅವಳು ಹೋದ ಮೇಲೂ ಈ ಮಂಚ ಯಾಕೆ ಇಟ್ಟುಕೊಂಡಿದ್ದೀಯ, ಮನೆಯಲ್ಲಿ ಓಡಾಡಲೂ ಜಾಗವಿಲ್ಲ ಎಂದು. ನಿನಗೆ ಬರೆದ ಪತ್ರಗಳಲ್ಲೆಲ್ಲ ಒಬ್ಬಳೇ ಇರುವುದು ಎಷ್ಟು ಆರಾಮ ಎಂದು ಜಂಬ ಕೊಚ್ಚಿದ್ದೇನೆ. ಸುಳ್ಳು. ಮೊದಲ ಎರಡು ತಿಂಗಳು ಮನೆಗೆ ಹೋಗಲು ಮನಸ್ಸಿಲ್ಲದೆ ಅಂಗಡಿಯ ನೆಲ ಗುಡಿಸಿ ಗುಡಿಸಿ ಹೊತ್ತು ಕಳೆದಿದ್ದೇನೆ. ನೀನು ಬಂದರೆ ಮಲಗಲು ಜಾಗ ಇರಲಿ ಎಂದೇ ಮಂಚ ಇಟ್ಟುಕೊಂಡದ್ದು. ಇದನ್ನೇ ಅಮ್ಮನಿಗೂ ಹೇಳಿದೆ. ಅವಳು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ಸವರಿದಳು.

ನಾನು ಊರಿಗೆ ವಾಪಸ್ ಬರಬೇಕಾ ಎಂದು ಕೊನೆಗೂ ಕೇಳಿದೆ. ಬೇಡವಂತೆ. ಅಡುಗೆಮನೆ ಚೊಕ್ಕಟವಾಗಿದೆ, ಕೈಯಲ್ಲಿ ಕೆಲಸವಿದೆ, ಅಳು ಬಂದರೂ ಎದ್ದು ಕೆಲಸಕ್ಕೆ ಹೋಗುತ್ತೀಯ, ಇನ್ನೇನು ಬೇಕು ಎಂದಳು. ಕುಣಿಯುವುದೊಂದು ಬಾಕಿ ನನಗೆ! ಅದೇ ಉಸಿರಿನಲ್ಲಿ, ಹಾಗಾದರೆ ಅವಳಮ್ಮನಿಗೆ ಏನು ಹೇಳುತ್ತೀಯ ಎಂದೆ. ಅಮ್ಮನ ಮುಖ ಗಂಭೀರವಾಯಿತು.

“ಮೂವತ್ತು ವರ್ಷದ ಸ್ನೇಹ ನಮ್ದು. ಅವಳ ಹತ್ರ ಸುಳ್ಳು ಹೇಳಲ್ಲ ನಾನು,” ಎಂದಳು. “ಹಾಗಂತ ನೀನು ಹೇಳಿದ್ದನ್ನ ನಂಬಿ ಹುಡುಗಿ ಸುಖವಾಗಿದಾಳೆ ಅಂತಾನೂ ಹೇಳಕ್ಕಾಗಲ್ಲ. ಸುಳ್ಳು ಹೇಳೋದ್ರಲ್ಲಿ ನೀನೆಷ್ಟು ಗಟ್ಟಿಗಿತ್ತಿ ಅಂತ ನೋಡಿದೀನಲ್ಲ.”

ಹಾಗಾದರೆ ಏನು ಮಾಡುತ್ತೀಯ ಎಂದು ಎಷ್ಟು ಗೋಗರೆದರೂ, ಅನ್ನಕ್ಕಿಡಬೇಕು ಎಂದು ಎದ್ದುಹೋದಳು. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ನಿಮ್ಮಮ್ಮನಿಗೆ ವಿಷಯ ಗೊತ್ತಾದರೆ ಆ ಕ್ಷಣವೇ ನಿಮ್ಮಣ್ಣನನ್ನು ಕಳಿಸಿ ನಿನ್ನನ್ನು ನದಿಯಿಂದ ಎತ್ತಿಸಿಕೊಂಡು ಹೋಗುತ್ತಾರೆ, ನಮಗಿಬ್ಬರಿಗೂ ಗೊತ್ತು. ಹಾಗಾಗಿ ಈ ಪತ್ರ ಕೈಸೇರಿದ ಕೂಡಲೇ ನೀನೇ ಅವರಿಗೆ ಎಲ್ಲ ಬರೆ. ಈಜು ಕಲಿತದ್ದನ್ನು ಬರೆ, ನೀರಿನಲ್ಲಿ ತೇಲಿಸುವ ಜಾಕೀಟು ಹಾಕಿಕೊಳ್ಳದೆ ದೋಣಿ ಹತ್ತುವುದಿಲ್ಲ ಎಂದು ಬರೆ, ನೀನು ಅಳೆದ ಅಂಕಿಗಳು ನಕ್ಷೆಯಲ್ಲಿ ಅಚ್ಚಾದದ್ದನ್ನು ಬರೆ. ನನಗೆ ಬರೆಯುವಾಗ ಉಕ್ಕುವ ಆ ಸಂತೋಷದಲ್ಲಿ ಅರ್ಧವನ್ನು ಅವರಿಗೆ ಬರೆದರೂ ಅವರ ಮನಸ್ಸು ಕರಗೀತು. ಈ ಸಲ ನನ್ನ ಮೂಲಕ ಬೇಡ, ನೇರವಾಗಿ ನಿನ್ನ ಊರಿನಿಂದಲೇ ಹಾಕು.

ಬಿಡುವು ಮುಗಿಯಿತು, ಯಜಮಾನರು ಕೆಮ್ಮುತ್ತಿದ್ದಾರೆ.

ನಿನ್ನ ಹೆಸರಲ್ಲಿ ಉಂಡು ದಪ್ಪಗಾದ,
ಇಲಿಮರಿ

ತಾ.ಕ. (ಶುಕ್ರವಾರ ಬೆಳಗ್ಗೆ): ಅಂಟಿಸಿದ್ದ ಲಕೋಟೆಯನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಈಗಷ್ಟೇ ಬಸ್ ನಿಲ್ದಾಣದಿಂದ ಬಂದೆ. ಅಮ್ಮ ನಮ್ಮೂರಿನ ಬಸ್ಸಿನ ಮುಂದೆ ನಿಲ್ಲಲೇ ಇಲ್ಲ. ಸೀದಾ ನಿನ್ನ ನದಿಯ ಕಡೆ ಹೋಗುವ ಬಸ್ಸು ಹತ್ತಿ, ಕಿಟಕಿಯ ಪಕ್ಕ ಕೂತು, ಟಿಕೆಟನ್ನು ನನಗೆ ತೋರಿಸಿದಳು. ಕಣ್ಣಾರೆ ನೋಡಿ ಹೋಗಿ ನಿಮ್ಮಮ್ಮನಿಗೆ ನಿಜವನ್ನೇ ಹೇಳುತ್ತಾಳಂತೆ. ಈ ಪತ್ರ ನಿನಗೆ ತಲುಪುವ ಹೊತ್ತಿಗೆ ಅವಳು ಬಂದು ಒಂದು ದಿನವಾದರೂ ಆಗಿರುತ್ತದೆ. ನಿನ್ನೆದುರು ಬಿಗಿಯಾಗಿ ಕೂತಿದ್ದರೆ ಹೆದರಬೇಡ. ಬಸ್ಸು ಹೊರಟಾಗ ಕಿಟಕಿಯಿಂದ ತಲೆ ಹೊರಗೆ ಹಾಕಿ, ಅಕ್ಕಪಕ್ಕದವರಿಗೆ ಕೇಳಿಸದಂತೆ ನನ್ನನ್ನು ಕೇಳಿದ್ದು ಒಂದೇ ಮಾತು: “ಆ ದೋಣೀಲಿ ನನ್ನನ್ನೂ ಒಂದ್ಸಲ ಕೂರಿಸ್ಕೋತಾರೇನೇ?”