ಬೂದಿ ಬಣ್ಣದ ನಲವತ್ತೊಂದು ಚಿತ್ರಗಳು

ಮನೆಯಿಂದ,
ಮಾರ್ಚ್ ಹನ್ನೆರಡು, ಗುರುವಾರ, ಬೆಳಗಿನ ಎರಡನೇ ಚಹಾದ ಹೊತ್ತು

ಪ್ರೀತಿಯ ಅಕ್ಕಾ,

ಮಾನ್ಯ ಅಧ್ಯಕ್ಷರೇ, ಘನ ಪರೀಕ್ಷಕರೇ, ಕಣ್ಣಿಲ್ಲದೆಯೂ ನೋಡಬಲ್ಲ ಕಂಪ್ಯೂಟರ್ ಮಹಾಶಯರೇ! ಗಾಬರಿಯಾಗಬೇಡ, ತಲೆ ಸರಿಯಾಗಿಯೇ ಇದೆ. ನಾಳಿದ್ದು ಶನಿವಾರ ಕಚೇರಿಯಲ್ಲಿ ನನ್ನ ವಿಚಾರಣೆ, ಅದಕ್ಕೆ ನಿನ್ನ ಮುಂದೆ ತಾಲೀಮು. ಮೊದಲು ನಿನ್ನ ಮಂಡಿನೋವು ಹೇಗಿದೆ ಹೇಳು. ಭಾವ ಈಗಲೂ ನಿನ್ನ ಮಾತ್ರೆಗಳನ್ನು ಸಕ್ಕರೆ ಡಬ್ಬಿಯ ಹಿಂದೆ ಜೋಪಾನವಾಗಿಟ್ಟು ಮರೆಯುತ್ತಾರೆಯೇ? ಇಲ್ಲಿ ಎಲ್ಲರೂ ಕ್ಷೇಮ. ನನ್ನ ಹೊಟ್ಟೆಯೊಂದು ಮಾತ್ರ ಅಭಿವೃದ್ಧಿಯ ಹಾದಿಯಲ್ಲಿದೆ.

ಅಚ್ಚಿನ ಮನೆ ಮುಚ್ಚಿದ ಮೇಲೆ, ಕರಡು ತಿದ್ದುತ್ತಿದ್ದ ನಿನ್ನ ತಮ್ಮ ಈಗ ಕರುಳು ತಿದ್ದುತ್ತಿದ್ದಾನೆ ಎಂದು ಬರೆದಿದ್ದೆನಲ್ಲ. ನೀನು ಬಲ್ಲೆ, ಆದರೆ ಪತ್ರವನ್ನು ಭಾವನೂ ಓದುತ್ತಾರೆ, ಅವರಿಗಾಗಿ ಬಿಡಿಸಿ ಹೇಳುತ್ತೇನೆ. ಹೊಟ್ಟೆಗೆ ಸಣ್ಣ ತೂತು ಕೊರೆದು, ಕ್ಯಾಮೆರಾ ಇಳಿಸಿ, ಪಿತ್ತಕೋಶ ತೆಗೆಯುವ ವಿಡಿಯೋಗಳು ನಮ್ಮಲ್ಲಿಗೆ ಬರುತ್ತವೆ. ಸೆಕೆಂಡಿಗೊಂದರಂತೆ ಚಿತ್ರ ತೆಗೆದು ನಾವು ಬಣ್ಣ ಬಳಿಯಬೇಕು: ಕತ್ತರಿಸಬಹುದಾದ ಜಾಗಕ್ಕೆ ಹಸಿರು, ಮುಟ್ಟಲೇಬಾರದ ಪಿತ್ತನಾಳಕ್ಕೆ ಕೆಂಪು, ಯಾವುದೆಂದು ತಿಳಿಯದಿದ್ದರೆ ಬೂದಿ. ನಮ್ಮನ್ನು ನೋಡಿ ಕಂಪ್ಯೂಟರ್ ಕಲಿಯುತ್ತದೆ; ಮುಂದೆ ಶಸ್ತ್ರಚಿಕಿತ್ಸೆ ನಡೆಯುವಾಗ ಡಾಕ್ಟರ ಪರದೆಯ ಮೇಲೆ ತಾನೇ ಬಳಿದು ತೋರಿಸುತ್ತದೆ.

ನಮ್ಮ ಮೇಲ್ವಿಚಾರಕಿಗೆ ಬೂದಿ ಕಂಡರಾಗದು. ನೂರಕ್ಕೆ ಐದು ಮೀರಬಾರದೆಂದು ಅವರ ಕಟ್ಟಳೆ. ಕಳೆದ ವಾರ ಒಂದು ವಿಡಿಯೋದಲ್ಲಿ ನಾನು ಸಾಲಾಗಿ ನಲವತ್ತೊಂದು ಚಿತ್ರಗಳಿಗೆ ಬೂದಿ ಬಳಿದೆ. ಊದಿಕೊಂಡ ಪಿತ್ತಕೋಶ, ಒಸರುವ ರಕ್ತ, ಸುಟ್ಟ ಮಾಂಸದ ಹೊಗೆ. ನಾಳ ಎಲ್ಲಿದೆಯೋ ದೇವರೇ ಬಲ್ಲ. ಅವರು ಕುರ್ಚಿಯ ಹಿಂದೆ ಬಂದು ನಿಂತು, "ಏನ್ರೀ ಕವಿಗಳೇ, ಬೂದಿ ಬಳಿಯೋಕಾ ನಿಮಗೆ ಸಂಬಳ? ಇಷ್ಟೊಂದು ಗೊತ್ತಿಲ್ಲ ಅಂದ್ರೆ ಮಿಷನ್ ಏನು ಕಲಿಯುತ್ತೆ? ಒಂದು ಅಂದಾಜಲ್ಲಿ ಹಸಿರು ಹಾಕಿ" ಎಂದರು. ಪಿತ್ತ ನೆತ್ತಿಗೇರಿತು, ಸಹವಾಸ ದೋಷ. "ಗೊತ್ತಿಲ್ಲ ಅನ್ನೋದನ್ನೂ ಕಲೀಲಿ ಮೇಡಂ. ಬೂದಿ ಮುಚ್ಚಿದ ಕೆಂಡ ಅಂತಾರಲ್ಲ, ಆ ಬೂದಿ ಇದು. ಊದಿ ನೋಡೋಕೆ ನಿಮ್ಮ ಹೊಟ್ಟೆ ಕೊಡ್ತೀರಾ?" ಎಂದುಬಿಟ್ಟೆ. ಇಡೀ ಕೋಣೆ ಮೌಸ್ ಬಿಟ್ಟು ನಮ್ಮ ಕಡೆ ತಿರುಗಿತು. ಶನಿವಾರದೊಳಗೆ ನಲವತ್ತೊಂದೂ ಹಸಿರಾಗಬೇಕು, ಇಲ್ಲವೇ ಕುರ್ಚಿ ಖಾಲಿಯಾಗಬೇಕು ಎಂದು ತೀರ್ಪಾಯಿತು.

ಮಾಡುವುದಿಲ್ಲ. ಕಂಡದ್ದಕ್ಕೆ ಬಣ್ಣ, ಕಾಣದ್ದಕ್ಕೆ ಬೂದಿ. ಕಾಣದ್ದನ್ನು ಕಂಡೆನೆಂದರೆ ನಾನೇ ಅಪರಾಧಿ. (ಪ್ರಾಸ ಕೊಂಚ ಕುಂಟಿದೆ, ನಿನ್ನ ಮಂಡಿಯಂತೆ.) ಅಚ್ಚಿನ ಮನೆಯಲ್ಲಿ ಓದಲಾಗದ ಪದದ ಪಕ್ಕ ಪ್ರಶ್ನೆ ಚಿಹ್ನೆ ಹಾಕಿದವನೇ ಹೊರತು ಊಹಿಸಿ ಒತ್ತು ಕೊಟ್ಟವನಲ್ಲ ನಾನು. ಪುಸ್ತಕದಲ್ಲಿ ತಪ್ಪಿದರೆ ಕೊನೆಯ ಪುಟದಲ್ಲಿ ತಪ್ಪು-ಒಪ್ಪುಗಳ ಪಟ್ಟಿ ಸೇರಿಸಬಹುದು. ಹೊಟ್ಟೆಗೆ ಕೊನೆಯ ಪುಟ ಎಲ್ಲಿದೆ?

ಈಗ ಕುಳಿತುಕೊಂಡು ಓದು. ಆ ವಿಡಿಯೋಗಳಲ್ಲಿ ಡಾಕ್ಟರ ಹೆಸರಿಲ್ಲ, ಮುಖವಿಲ್ಲ. ಆದರೆ ಕತ್ತರಿಸುವ ಮೊದಲು ಉಪಕರಣದ ತುದಿಯಿಂದ ಎರಡು ಸಲ ತಟ್ಟುವ ಕೈ ಎಷ್ಟಿರಬಹುದು? ಪೆನ್ಸಿಲ್ ಡಬ್ಬಿ ತೆರೆಯುವ ಮೊದಲು ಎರಡು ತಟ್ಟು, ನನ್ನ ಕಿವಿ ಹಿಂಡುವ ಮೊದಲು ಎರಡು ತಟ್ಟು. ಅದು ನಿನ್ನ ಕೈ, ಅಕ್ಕಾ. ಆ ನಲವತ್ತೊಂದು ಚಿತ್ರಗಳು ನೀನು ಕೊನೆಯ ಸಲ ಕತ್ತರಿ ಹಿಡಿದ ದಿನದ ವಿಡಿಯೋದವೇ. ನೀನು ತಟ್ಟಿದೆ, ನಿಂತೆ, ಕತ್ತರಿಸಲಿಲ್ಲ. ಕ್ಯಾಮೆರಾ ಹೊರತೆಗೆದು ಹೊಟ್ಟೆಯನ್ನೇ ತೆರೆದೆ. ರೋಗಿ ಒಂದು ವಾರ ಹೆಚ್ಚಿಗೆ ಮಲಗಿ, ತನ್ನ ಕಾಲ ಮೇಲೇ ನಡೆದು ಮನೆಗೆ ಹೋದರು. ಆದರೂ ನಿಮ್ಮ ದೊಡ್ಡ ಡಾಕ್ಟರು ಎಲ್ಲರೆದುರು, "ದಾರಿ ಕಣ್ಣೆದುರೇ ಇತ್ತಲ್ಲಮ್ಮ, ಹೆದರಿಕೊಂಡ್ಯಾ?" ಎಂದರು. ನೀನು ಕತ್ತರಿ ಕೆಳಗಿಟ್ಟು, ಊರು ಬಿಟ್ಟು, ಎರಡು ವರ್ಷದಿಂದ ಕೆಮ್ಮು-ನೆಗಡಿಗೆ ಚೀಟಿ ಬರೆಯುತ್ತಿದ್ದೀಯ. ನಾನು ಹಸಿರು ಬಳಿದರೆ ನಾಳೆ ಕಂಪ್ಯೂಟರ್ ಕೂಡ ಅದನ್ನೇ ಹೇಳುತ್ತದೆ: ದಾರಿ ಇತ್ತು, ಇವಳು ಹೆದರಿದಳು. ಹೇಳಿಸಲಿ ನೋಡೋಣ! ನನ್ನ ಕುರ್ಚಿ ಹೋದರೆ ಹೋಗಲಿ. ಶನಿವಾರ ಎದೆಯುಬ್ಬಿಸಿ ನಿಂತು ಹೇಳುತ್ತೇನೆ: ಮಾನ್ಯರೇ, ನಲವತ್ತೊಂದರಲ್ಲೂ ಕಾಣಲಿಲ್ಲ. ಕಾಣದ್ದನ್ನು ಕತ್ತರಿಸದವಳು ಅಂಜುಬುರುಕಿಯಲ್ಲ.

ಭಾವನಿಗೆ ನಮಸ್ಕಾರ. ನಿನ್ನ ಆಶೀರ್ವಾದ ಶನಿವಾರ ಹತ್ತು ಗಂಟೆಯೊಳಗೆ ತಲುಪುವಂತಿರಲಿ.

ನಿನ್ನ ತಲೆಹರಟೆ
ತಮ್ಮ

ತಾ.ಕ.: ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ನಲವತ್ತು ನಿಜವಾಗಿಯೂ ಬೂದಿ. ಹದಿನೇಳನೆಯ ಚಿತ್ರದಲ್ಲಿ ಮಾತ್ರ, ರೆಪ್ಪೆ ಬಡಿಯುವಷ್ಟು ಹೊತ್ತು, ಹೊಗೆ ಸರಿದಿತ್ತು. ನಾಳ ಕಾಣುತ್ತಿತ್ತು ಅಕ್ಕಾ, ಅದರ ಪಕ್ಕದಲ್ಲಿ ದಾರಿಯೂ. ಅಷ್ಟರಲ್ಲಿ ನನಗೆ ನಿನ್ನ ಕೈ ಗುರುತು ಸಿಕ್ಕಿತ್ತು. ಅದಕ್ಕೂ ಬೂದಿಯನ್ನೇ ಬಳಿದೆ.